ಬಾಲ್ ಪಿಟ್ ವಾಸನೆ, ಅಂಟುವ ರೆಕ್ಸಿನ್: ನೀವೆಲ್ಲ ಯಾವುದರಲ್ಲಿ ತೊಳೀತೀರಿ?

ಕಲ್ಪತರು22: ತುಮಕೂರು, ಮೊದಲ ಮಹಡಿ, 1200 ಚದರಡಿ ಸಾಫ್ಟ್ ಪ್ಲೇ, ಅಂದ್ರೆ ಮಕ್ಕಳು ಒಳಗಡೆ ಆಡೋ ಮೆತ್ತನೆ ಆಟದ ಜಾಗ. ಎರಡು ಅಂತಸ್ತಿನ ಫ್ರೇಮ್, ಪ್ಲಾಸ್ಟಿಕ್ ಚೆಂಡು ತುಂಬಿದ ಒಂದು ಬಾಲ್ ಪಿಟ್, ಪುಟಾಣಿಗಳಿಗೆ ಬೇರೆ ಮೂಲೆ. ಬಾಲ್ ಪಿಟ್ ಹುಳಿ ವಾಸನೆ ಹೊಡೀತಿದೆ, ರೆಕ್ಸಿನ್ ಒರೆಸಿದಷ್ಟೂ ಅಂಟು. ಕೈ-ಕಾಲು-ಬಾಯಿ ರೋಗದ ಸೀಸನ್ ಬೇರೆ. ಕೆಲಸಕ್ಕಿರೋದು ಇಬ್ಬರು. ಯಾವ ಲಿಕ್ವಿಡ್, ಎಷ್ಟು ದಿನಕ್ಕೊಮ್ಮೆ, ಖರ್ಚೆಷ್ಟು? ಗೊತ್ತಿರೋರು ಹೇಳಿ.

ಹೈಪೋ ಹುಬ್ಬಳ್ಳಿ: ಹೈಪೋ, ಅಂದ್ರ ಸೋಡಿಯಂ ಹೈಪೋಕ್ಲೋರೈಟ್ ಬ್ಲೀಚ್, ಬಿಟ್ರ ಬ್ಯಾರೆ ಮಾತೇ ಇಲ್ರಿ. ನಾವು ತರೋದು 5 ಪರ್ಸೆಂಟಿನ ಕ್ಯಾನ್. ದಿನಾ ಒರಸಾಕ 1 ಲೀಟರ್ ನೀರಿಗೆ 20 ಎಂಎಲ್, 1000 ಪಿಪಿಎಂ (ಹತ್ತು ಲಕ್ಷ ಭಾಗದಾಗ 1000 ಭಾಗ ಕ್ಲೋರಿನ್) ಆಗತೈತಿ. ವಾಂತಿ, ಭೇದಿ ಆದ ಜಾಗಕ್ಕ 100 ಎಂಎಲ್. ಮೊದಲ ಸೋಪಿನ ನೀರಾಗ ಜಿಡ್ಡು ತಗೀರಿ, ಇಲ್ಲಂದ್ರ ಕ್ಲೋರಿನ್ ಆ ಹೊಲಸಿನ ಜೋಡೀನ ಖರ್ಚಾಗಿ ಹೋಗತೈತಿ. ಹಚ್ಚಿದ ಮ್ಯಾಲ 10 ನಿಮಿಷ ಹಸೀನ ಇರಬೇಕು, ಫ್ಯಾನ್ ಹಾಕಬ್ಯಾಡ್ರಿ. ಆಮ್ಯಾಲ ಬರೇ ನೀರಿನ ಬಟ್ಟಿ. ಇವತ್ತು ಕಲಸಿದ್ದು ನಾಳಿಗೆ ಬ್ಯಾಡ. ಕ್ಯಾನ್ ಬಿಸಲಾಗ ಇಟ್ರ ಕಸುವು ಹೋಗತೈತಿ, ಬ್ಯಾಸಿಗ್ಯಾಗ ಸಣ್ಣ ಕ್ಯಾನೇ ತರ್ರಿ.

ದಿನಕ್ಕ 12 ಲೀಟರ್ ನೀರು, 240 ಎಂಎಲ್ ಹೈಪೋ. ತಿಂಗಳಿಗೆ 7.2 ಲೀಟರ್, ಲೀಟರಿಗೆ 40 ರೂಪಾಯಿ ಹಿಡಿದ್ರ 288. ಖರೇ ಖರ್ಚು ಜಿಪ್‌ನಾಗ ಐತಿ. ಲೋಹದ ಜಿಪ್ ಎಲ್ಲಾ ತುಕ್ಕು. ಕವರಿಗೆ ಪ್ಲಾಸ್ಟಿಕ್ ಜಿಪ್ 90 ರೂಪಾಯಿ, ಬಿಚ್ಚಿ ಹೊಲಿಯೋ ಕೂಲಿ 120, ಅಂಥಾ ಕವರ್ 34 ಅದಾವ. ಒಟ್ಟು 7140. ಹೊಸಾದು ಮಾಡಿಸೋರು ಮೊದಲೇ ಪ್ಲಾಸ್ಟಿಕ್ ಜಿಪ್ ಕೇಳ್ರಿ.

ರೆಕ್ಸಿನ್ ರಿಪೇರಿ ಬೆಂಗಳೂರು: ಅಂಟಿನ ಬಗ್ಗೆ ಯಾರೂ ಮಾತಾಡಲ್ಲ, ಹೈಪೋ ಭಜನೆ ಶುರು. ಒಂದು ಮೂಲೆಯನ್ನ ಬರೀ ಉಗುರುಬೆಚ್ಚನೆ ನೀರಲ್ಲಿ ಮೂರು ಸಲ ಒರೆಸಿ ಒಣಗಿಸಿ ನೋಡಿ. ಅಂಟು ಹೋದ್ರೆ ಅದು ಉಳಿದ ಸೋಪು, ಅಷ್ಟೇ. ಎರಡು ದಿನಕ್ಕೆ ವಾಪಸ್ ಬಂದ್ರೆ ರೆಕ್ಸಿನ್ನಿನ ಪಿವಿಸಿ ಪ್ಲಾಸ್ಟಿಕ್ ಒಳಗಿನ ಪ್ಲಾಸ್ಟಿಸೈಜರ್ (ಅದನ್ನ ಮೆತ್ತಗಿಡೋ ಎಣ್ಣೆಯಂಥದ್ದು) ಮೇಲೆ ಬರ್ತಿದೆ, ಆ ಕವರ್ ಮುಗೀತು. ಕೋವಿಡ್ ಕಾಲದಿಂದ ಎಲ್ಲರೂ ಸ್ಪಿರಿಟ್ ಸ್ಯಾನಿಟೈಜರ್ ಹೊಡೆದು ಹೊಡೆದು ರೆಕ್ಸಿನ್ ಹಾಳು ಮಾಡಿದ್ದಾರೆ. ಸ್ಪಿರಿಟ್ ಪ್ಲಾಸ್ಟಿಸೈಜರ್ ಎಳೆಯುತ್ತೆ, ರೆಕ್ಸಿನ್ ಗಟ್ಟಿಯಾಗಿ ಮಡಿಕೆಯಲ್ಲೇ ಸೀಳುತ್ತೆ. ಪೆನ್ ಗುರುತು ತೆಗೆಯೋಕೆ ಥಿನ್ನರ್ ಹಾಕೋರಿಗಂತೂ ಕೈ ಮುಗಿದೆ.

2 ಅಡಿ, 2 ಅಡಿ, 1 ಅಡಿ ಬ್ಲಾಕಿಗೆ 54 ಇಂಚು ಅಗಲದ ರೆಕ್ಸಿನ್ 1.3 ಮೀಟರ್ ಬೇಕು. ಮೀಟರ್ 380 ಅಂದ್ರೆ 494. ಜಿಪ್ 60, ಹೊಲಿಗೆ 250. ಒಟ್ಟು 804, ಫೋಮ್ ಬಿಟ್ಟು. ಫೋಮ್ ಮಾತು ಬಂತು: ಒಳಗಡೆ ಇಪಿಇ (ಮುಚ್ಚಿದ ಗುಳ್ಳೆಗಳ ಫೋಮ್) ಇದ್ರೆ ನೀರು ಕುಡಿಯಲ್ಲ. ಪಿಯು (ಸ್ಪಂಜಿನಂಥ ಫೋಮ್) ಇದ್ರೆ ಹೊಲಿಗೆ ತೂತಿಂದ ಇಳಿದ ನೀರೆಲ್ಲ ಹೀರುತ್ತೆ, ಆಮೇಲೆ ಏನು ಹಾಕಿದ್ರೂ ವಾಸನೆ ಹೋಗಲ್ಲ. ಬಟ್ಟೆ ಹಿಂಡಿ ಒರೆಸಿ, ಪೈಪಲ್ಲಿ ನೀರು ಬಿಡಬೇಡಿ. ಹರಿದಲ್ಲಿ ಪ್ಯಾಕಿಂಗ್ ಟೇಪ್ ಬೇಡ, ಅದರ ಅಂಚಲ್ಲೇ ಕೊಳೆ ಕೂರುತ್ತೆ. ಅದೇ ರೆಕ್ಸಿನ್ನಿನ ದುಂಡನೆ ತುಂಡು, ಪಿವಿಸಿಗೆ ಹಿಡಿಯೋ ಗಮ್, ಒಂದು ರಾತ್ರಿ ಭಾರ. ಮೂಲೆ ಇರೋ ತುಂಡು ಮಕ್ಕಳ ಉಗುರಿಗೆ ಎದ್ದೇ ಏಳುತ್ತೆ.

ನಾನು ಹೇಳೋದು ಬಿಕೆಸಿ, ಅಂದ್ರೆ ಬೆಂಜಾಲ್ಕೋನಿಯಂ ಕ್ಲೋರೈಡ್ ಅನ್ನೋ ಸೋಂಕುನಾಶಕ. ರೆಕ್ಸಿನ್ನಿಗೂ ಜಿಪ್ಪಿಗೂ ತೊಂದರೆ ಇಲ್ಲ.

ಹೈಪೋ ಹುಬ್ಬಳ್ಳಿ: ಸಾಹೇಬ್ರ, ಅವರು ಕೇಳಿದ್ದು ಕೈ-ಕಾಲು-ಬಾಯಿ ರೋಗ. ಆ ವೈರಸ್ಸಿಗೆ ಕೊಬ್ಬಿನ ಪೊರೆ ಇಲ್ಲ. ಬಿಕೆಸಿ, ಸ್ಪಿರಿಟ್ ಎರಡೂ ಅದರ ಮುಂದ ಮೆತ್ತಗ. ನಿಮ್ಮ ರೆಕ್ಸಿನ್ ಉಳೀತೈತಿ, ಹುಡುಗರು ಮಲಗತಾವ.

ರೆಕ್ಸಿನ್ ರಿಪೇರಿ ಬೆಂಗಳೂರು: ಹಾಗಾದ್ರೆ ಸೀಸನ್ನಲ್ಲಿ ಮಾತ್ರ ಹೈಪೋ ಹಾಕ್ಲಿ, ವರ್ಷಪೂರ್ತಿ ಯಾಕೆ? ಇನ್ನೊಂದು, ಸೋಪು ತೊಳೆಯದೆ ಅದರ ಮೇಲೇ ಬಿಕೆಸಿ ಹಾಕಿದ್ರೆ ಒಂದನ್ನೊಂದು ಕೊಲ್ಲುತ್ತವೆ. ಬಿಕೆಸಿ ಕೆಲಸ ಮಾಡಲ್ಲ ಅನ್ನೋರಲ್ಲಿ ಅರ್ಧ ಜನ ಮಾಡೋದು ಇದನ್ನೇ.

ಕಡಲಮಳೆ: ನೀವು ಲಿಕ್ವಿಡ್‌ಗೆ ಜಗಳ ಮಾಡಿ ಮಾರಾಯ್ರೆ. ಮಂಗಳೂರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೊಳೆಯುವುದು ಸಮಸ್ಯೆಯೇ ಅಲ್ಲ, ಒಣಗುವುದು ಸಮಸ್ಯೆ. ಇವಿಎ ಮ್ಯಾಟ್ (ನೆಲಕ್ಕೆ ಜೋಡಿಸುವ ಫೋಮ್ ಹಾಸು) ಮೇಲೆ ಫಳಫಳ, ಎತ್ತಿ ನೋಡಿದರೆ ಅಡಿಯಲ್ಲಿ ಕಪ್ಪು ಬೂಸ್ಟು. ವಾರಕ್ಕೊಮ್ಮೆ ಅಷ್ಟೂ ಮ್ಯಾಟ್ ಬಿಚ್ಚಿ ಗೋಡೆಗೆ ನಿಲ್ಲಿಸಬೇಕು, ನೆಲ ಪೂರ್ತಿ ಒಣಗಿದ ಮೇಲೆಯೇ ಜೋಡಿಸಬೇಕು. ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ 700 ವ್ಯಾಟಿನದ್ದು, ರಾತ್ರಿ 10 ಗಂಟೆ ಓಡಿದರೆ 7 ಯೂನಿಟ್, ತಿಂಗಳಿಗೆ 210 ಯೂನಿಟ್ ಕಮರ್ಷಿಯಲ್ ರೇಟಿನಲ್ಲಿ. ತೇವ 60 ಪರ್ಸೆಂಟಿಗಿಂತ ಕೆಳಗೆ ನಿಂತರೆ ಬೂಸ್ಟು ಏಳುವುದಿಲ್ಲ, ನಿಲ್ಲಿಸುವುದೇ ಕಷ್ಟ. 150 ರೂಪಾಯಿಯ ತೇವಮಾಪಕ ನಂಬಬೇಡಿ. ಸ್ಟೀಮ್ ಕ್ಲೀನರ್ ಮಾರಲು ಬರುವವರು ಉಂಟು, ತಗೊಳ್ಳಬೇಡಿ. ಪೈಪಿನ ಪ್ಯಾಡಿಂಗ್ ಗಮ್ ಬಿಡುತ್ತದೆ, ಇವಿಎ ಸೊಟ್ಟ ಆಗುತ್ತದೆ, ಆವಿ ಹೊಲಿಗೆಯೊಳಗೆ ಹೋಗಿ ಕೂರುತ್ತದೆ.

ಬಾಲ್ ಲೆಕ್ಕ ಮೈಸೂರು: ಪಿಟ್ 3 ಮೀಟರ್, 2 ಮೀಟರ್, 40 ಸೆಂಟಿಮೀಟರ್ ಆಳ ಅಂತ ಇಟ್ಕೊಳ್ಳಿ. 7 ಸೆಂಟಿಮೀಟರ್ ಚೆಂಡು ಹತ್ತಿರಹತ್ತಿರ 8000 ಹಿಡಿಯುತ್ತೆ. ನೆಟ್ ಬ್ಯಾಗಿಗೆ 250, ಒಟ್ಟು 32 ಬ್ಯಾಗು. ಒಂದು ಮೆಷಿನ್ನಿಗೆ ಸಲಕ್ಕೊಂದು ಬ್ಯಾಗು, 40 ನಿಮಿಷ: 21 ಗಂಟೆ 20 ನಿಮಿಷ. ತಣ್ಣೀರು ಅಥವಾ 40 ಡಿಗ್ರಿ, ಸ್ಪಿನ್ ಇಲ್ಲದೆ. ಬಿಸಿ ಹೆಚ್ಚಾದ್ರೆ ಚೆಂಡು ಮೆತ್ತಗಾಗಿ ತಗ್ಗು ಬೀಳುತ್ತೆ. 6 ರೂಪಾಯಿ ಚೆಂಡು 8000 ಅಂದ್ರೆ 48,000. ಹಾಗಾಗಿ ಇನ್ನೊಂದು ಸೆಟ್ ಇಡೋಕಾಗಲ್ಲ ಅಂತಾರೆ. ಅರ್ಧ ಸೆಟ್ ಇಡಿ ಸಾಕು, 24,000. ಪಿಟ್ ಮುಚ್ಚದೆ ಸರದಿ ಮೇಲೆ ತೊಳೀಬಹುದು.

ಹುಳಿ ವಾಸನೆ ಬಹಳ ಸಲ ಚೆಂಡಿನ ಹೊರಗಲ್ಲ, ಒಳಗೆ. ಅಗ್ಗದ ಚೆಂಡಿನ ಬೆಸುಗೆ ಬಿಟ್ಟು ತೊಳೆದ ನೀರು ಒಳಗಿಳಿದಿರುತ್ತೆ. ಕಿವಿ ಹತ್ತಿರ ಅಲ್ಲಾಡಿಸಿ, ಸದ್ದು ಬಂದದ್ದೆಲ್ಲ ಎಸೀರಿ. ಆಮೇಲೆ ಪಿಟ್ ತಳ: ಬಿಸ್ಕತ್, ಕ್ಲಿಪ್ಪು, ಒಂಟಿ ಸಾಕ್ಸು, ಉಚ್ಚೆ ಕುಡಿದ ಮ್ಯಾಟು. ತಳದ ಮ್ಯಾಟ್ ತೆಗೆಯದೆ ಮೇಲಿಂದ ಸ್ಪ್ರೇ ಹೊಡೆಯೋದು ಬರೀ ಸೆಂಟು. ಅಮೆರಿಕದ ಜಾರ್ಜಿಯಾದಲ್ಲಿ 6 ಫಿಸಿಯೋಥೆರಪಿ ಕ್ಲಿನಿಕ್ಕುಗಳ ಬಾಲ್ ಪಿಟ್ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 31 ಜಾತಿ ಬ್ಯಾಕ್ಟೀರಿಯಾ ಸಿಕ್ಕಿದ್ವು. ಅದು ಕ್ಲಿನಿಕ್ ವಾತಾವರಣ. ನಮ್ಮದರಲ್ಲಿ ಪಾಪ್‌ಕಾರ್ನ್ ಬೇರೆ.

ಹಸಿರು ಮನೆ: ಇಷ್ಟೆಲ್ಲ ಕೆಮಿಕಲ್ ಯಾಕೆ? ಬೇವಿನೆಣ್ಣೆ, ವಿನೆಗರ್, ಅಡುಗೆ ಸೋಡಾ ಸಾಕು. ತೀರಾ ಬೇಕಂದ್ರೆ ಅದೇ ಬಕೆಟ್ಟಿಗೆ ಒಂದು ಮುಚ್ಚಳ ಹೈಪೋ.

ಹೈಪೋ ಹುಬ್ಬಳ್ಳಿ: ಏನ್ ಹೇಳಾಕತ್ತೀರಿ? ವಿನೆಗರ್‌ನಾಗ ಹೈಪೋ ಹಾಕಿದ್ರ ಕ್ಲೋರಿನ್ ಗ್ಯಾಸ್ ಏಳತೈತಿ! ಬಾತ್‌ರೂಮ್ ಆಸಿಡ್ ಜೋಡೀನೂ ಅಷ್ಟ. ಎಸಿ ಹಾಕಿ ಕಿಡಕಿ ಮುಚ್ಚಿದ ಹಾಲ್‌ನಾಗ ಕೆಲಸದಾಕಿ ಬಕೆಟ್ ಮ್ಯಾಲ ಬಗ್ಗಿರತಾಳ. ಅಳಸ್ರಿ ಅದನ್ನ.

ಹಸಿರು ಮನೆ: ಕಿರುಚಬೇಡಿ. ವಿನೆಗರ್ ಬೇಡ ಅಂದ್ರೆ ಬಿಡಿ, ಬೇವಿನೆಣ್ಣೆ ಅಂತೂ ಸೇಫ್.

ರೆಕ್ಸಿನ್ ರಿಪೇರಿ ಬೆಂಗಳೂರು: ಎಣ್ಣೆ! ಅಂಟು ಅಂತ ಅಳೋರಿಗೆ ಎಣ್ಣೆ! ಧೂಳು ಹಿಡಿಯುತ್ತೆ, ಏಣಿ ಮೆಟ್ಟಿಲಲ್ಲಿ ಮಗು ಜಾರುತ್ತೆ. ಯಾರ ಅಂಗಡಿಗೂ ಹೇಳಬೇಡಿ ಇದನ್ನ.

ಇಬ್ಬರ ಅಮ್ಮ: ನಾನು ಗ್ರಾಹಕಿ. ನಿಮ್ಮ ಪಿಪಿಎಂ ಎಲ್ಲ ಸರಿ, ಮನೆಯಿಂದ ತೊಳೆದ ಸಾಕ್ಸ್ ತಂದ್ರೂ ಬೇಡ, ನಮ್ಮದೇ 80 ರೂಪಾಯಿ ಕೊಟ್ಟು ತಗೊಳ್ಳಿ ಅಂತೀರಲ್ಲ, ಅದು ಸ್ವಚ್ಛತೆನಾ ವ್ಯಾಪಾರನಾ?

ಬಾಲ್ ಲೆಕ್ಕ ಮೈಸೂರು: ಮೇಡಂ, ಅಡಿಯಲ್ಲಿ ರಬ್ಬರ್ ಚುಕ್ಕಿ ಇಲ್ಲದ ಸಾಕ್ಸ್ ರೆಕ್ಸಿನ್ ಮೇಲೆ ಜಾರುತ್ತೆ. ಚುಕ್ಕಿ ಇರೋದನ್ನ ಮನೆಯಿಂದ ತಂದ್ರೆ ಯಾರೂ ಬೇಡ ಅನ್ನಬಾರದು, ಅದು ಒಪ್ಪಿದೆ. ಆದ್ರೆ ಬರಿಗಾಲಿಗೆ ಬಿಟ್ರೆ ನರುಳ್ಳೆ, ಬೆವರು, ಎಲ್ಲ ನಮ್ಮ ತಲೆಗೆ.

ಇಬ್ಬರ ಅಮ್ಮ: 25ರ ಸಾಕ್ಸ್ 80ಕ್ಕೆ ಮಾರಿದ ದುಡ್ಡಲ್ಲಿ ಆ 24,000ದ ಚೆಂಡು ತರಬಹುದಿತ್ತು.

ಕಡಲಮಳೆ: ಮೇಡಂ ಹೇಳಿದ್ದರಲ್ಲಿ ಸುಳ್ಳೆಂತದು?

ರೆಕ್ಸಿನ್ ರಿಪೇರಿ ಬೆಂಗಳೂರು: ನಿಮ್ಮ ಊರಲ್ಲಿ ನೀರು ಪುಕ್ಕಟೆ ಸುರಿಯುತ್ತೆ, ಮಾತಾಡ್ತೀರಿ. ಇಲ್ಲಿ ಎರಡು ಸಲ ಒರೆಸಿ ತೊಳೆಯೋಕೂ ಟ್ಯಾಂಕರ್. ಅದೂ ಬೋರ್‌ವೆಲ್ ಗಡಸು ನೀರು, ಒಣಗಿದ ಮೇಲೆ ರೆಕ್ಸಿನ್ ತುಂಬ ಬಿಳಿ ಪದರ.

ಬಾಲ್ ಲೆಕ್ಕ ಮೈಸೂರು: 2024ರಲ್ಲಿ ಬೆಂಗಳೂರಿನ ಜಿಲ್ಲಾಡಳಿತ 12,000 ಲೀಟರ್ ಟ್ಯಾಂಕರಿಗೆ 5 ಕಿಲೋಮೀಟರ್ ಒಳಗೆ 1000 ರೂಪಾಯಿ ಅಂತ ರೇಟ್ ಕಟ್ಟಿತ್ತಲ್ಲ?

ರೆಕ್ಸಿನ್ ರಿಪೇರಿ ಬೆಂಗಳೂರು: ಆ ರೇಟಿಗೆ ತಂದು ಹಾಕೋ ಟ್ಯಾಂಕರ್‌ನವನ ನಂಬರ್ ನಿಮ್ಮತ್ರ ಇದ್ರೆ ನಂಗೆ ಮೆಸೇಜ್ ಮಾಡಿ, ಇಲ್ಲಾಂದ್ರೆ ಸುಮ್ನಿರಿ.