ಅಡಿಕೆಗೂ ರಾಶಿಫಲ

ಶಿರಸಿಯಲ್ಲಿ ಮಳೆ ಹಿಡಿಯಿತೆಂದರೆ ನಮ್ಮ ಜಗಲಿಗೆ ಮೂವರು ಬಂದೇ ಬರುತ್ತಾರೆ. ಬ್ಯಾಂಕಿನಿಂದ ನಿವೃತ್ತರಾದ ಮಾವ, ತೋಟದ ಭಾವ, ಸಹಕಾರಿ ಸಂಘವೊಂದರಲ್ಲಿ ಗುಮಾಸ್ತನಾಗಿರುವ ತಮ್ಮ. ಮಳೆ ನೆಪ, ಎಲೆ-ಅಡಿಕೆಯ ಕವಳದ ತಟ್ಟೆ ಕಾರಣ.

ಆ ದಿನ ತಮ್ಮ ಹುಬ್ಬಳ್ಳಿಯಲ್ಲಿ ಒಂದು ದಿನದ ಕೃತಕ ಬುದ್ಧಿಮತ್ತೆ ತರಬೇತಿ ಮುಗಿಸಿ ಬಂದಿದ್ದ. ಪ್ರಮಾಣಪತ್ರಕ್ಕೆ ಆಗಲೇ ಲ್ಯಾಮಿನೇಷನ್ ಆಗಿತ್ತು.

"ಏನು ಕಲಿಸಿದರೋ?" ಎಂದರು ಮಾವ.

"ಸರಿಯಾಗಿ ಪ್ರಶ್ನೆ ಕೇಳುವುದನ್ನು."

"ಅದಕ್ಕೆ ಹುಬ್ಬಳ್ಳಿ ಏಕೆ? ನಿನ್ನ ಅತ್ತೆಯ ಎದುರು ಅರ್ಧ ಗಂಟೆ ಕುಳಿತಿದ್ದರೆ ಸಾಕಿತ್ತು."

ತಮ್ಮ ಸೋಲಲಿಲ್ಲ. "ನಾಸ್ಕಾಂ ಎಂದು ಸಾಫ್ಟ್‌ವೇರ್ ಕಂಪನಿಗಳ ಸಂಘವಿದೆ, 1988ರದ್ದು. ನೌಕರರಿಗೆ ಹೊಸ ಕೌಶಲ ಕಲಿಸಿ ಎಂದು ಅವರು ಹೇಳುತ್ತಲೇ ಇದ್ದಾರೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟವು ಎಐ ಮಿಷನ್ನಿಗೆ 10,300 ಕೋಟಿ ರೂಪಾಯಿಗೂ ಹೆಚ್ಚು ಮಂಜೂರು ಮಾಡಿದೆ."

"ಅಳುವ ಮಗುವಿಗೆ ಹಾಲು," ಎಂದ ಭಾವ. "ನಾವೂ ದೆಹಲಿಯ ತನಕ ಅತ್ತೆವು. 2023ರಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆ ಕಿಲೋಗೆ 351 ರೂಪಾಯಿ ಆಯಿತಲ್ಲ! ಅವರು ಟೈ ಕಟ್ಟಿಕೊಂಡು ಅಳುತ್ತಾರೆ, ಅಷ್ಟೇ ವ್ಯತ್ಯಾಸ."

ಮಾವನಿಗೆ ಹಳೆಯದು ನೆನಪಾಯಿತು. "1983ರಲ್ಲಿ ಬ್ಯಾಂಕ್ ನೌಕರರ ಸಂಘಟನೆ ಕಂಪ್ಯೂಟರ್ ಒಪ್ಪಂದಕ್ಕೆ ಸಹಿ ಹಾಕಿತು. ಅದಕ್ಕೂ ಮೊದಲು, ಯಂತ್ರ ಬಂದರೆ ಅನ್ನ ಹೋಯಿತೆಂದು ಗಂಟಲು ಹರಿಯುವಂತೆ ಕೂಗಿದವನು ನಾನು. ಯಂತ್ರ ಬಂತು, ಅನ್ನ ಉಳಿಯಿತು. ಹೋದದ್ದು ಲೆಡ್ಜರ್, ಅದರೊಂದಿಗೆ 'ಲೆಡ್ಜರ್ ಸಿಗುತ್ತಿಲ್ಲ, ನಾಳೆ ಬನ್ನಿ' ಎನ್ನುವ ಸೌಕರ್ಯ. ಒಂದೆರಡು ವರ್ಷ ಕಂಗಾಲಾಗಿದ್ದೆ. ಆಮೇಲೆ 'ಸರ್ವರ್ ಡೌನ್' ಬಂದು ಕಾಪಾಡಿತು."

"ನಿಮ್ಮ ಸಹಕಾರಿ ಸಂಘದಲ್ಲಿ ಈ ಎಐ ಬಳಸುತ್ತಿದ್ದೀಯಾ?" ಎಂದು ನಾನು ತಮ್ಮನನ್ನು ಕೇಳಿದೆ. ಅವನು ಕವಳ ಮೆಲ್ಲುವುದನ್ನು ನಿಲ್ಲಿಸಿದ. ಸದಸ್ಯರೊಬ್ಬರು "ತೋಟಕ್ಕೆ ಕೊಳೆ ಬಂದಿದೆ, ಏನು ಮಾಡಲಿ?" ಎಂದು ಕೇಳಿದ್ದರಂತೆ. ಸಾಬೂನು ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯಿರಿ ಎಂದಿತಂತೆ ಯಂತ್ರ.

"ಮರ ಹತ್ತಿ ಕೊಳೆಗೆ ಬೋರ್ಡೋ ಔಷಧ ಹೊಡೆಯುವ ಕೊನೆಗೌಡನೇ ಸಿಗುತ್ತಿಲ್ಲ," ಭಾವ ಕಿರುಚಿದ. "ಇನ್ನು ಒಂದೊಂದು ಮರಕ್ಕೂ ಅಭ್ಯಂಜನ ಮಾಡಿಸುವವರು ಯಾರು?"

ಇಲ್ಲಿ ನಾನು ಯಂತ್ರದ ಪರ. ಕೊಳೆರೋಗ ಅಡಿಕೆಯವರ ಬಾಯಲ್ಲಿ ಬರೀ 'ಕೊಳೆ' ಎಂದು ಅದಕ್ಕೆ ಯಾರು ಹೇಳಿದ್ದರು? ಅದು ಓದಿ ಕಲಿತದ್ದು. ನಮ್ಮವರು ಬರೆದಿಟ್ಟರೆ ತಾನೆ! ತರಬೇತಿಗೆ ಹೋಗಬೇಕಾದದ್ದು ತಮ್ಮನಲ್ಲ, ಅದೇ. ಹತ್ತು ದಿನ ಅಡಿಕೆ ವಖಾರಿಯಲ್ಲಿ ಕೂರಿಸಿ ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಎಂದು ಅಡಿಕೆಯ ತರಗಳನ್ನು ಆರಿಸಲು ಹಚ್ಚಬೇಕು. ಅಡಿಕೆ ಆರಿಸುವ ಹೆಂಗಸರು ಗುರುಗಳಾಗಲಿ. ಲ್ಯಾಮಿನೇಷನ್ ಖರ್ಚು ನನ್ನದು.

"ಅದೆಲ್ಲ ಇರಲಿ, ನನ್ನದೊಂದು ಕೇಳು," ಎಂದ ಭಾವ. ಮಾರದೆ ಇಟ್ಟುಕೊಂಡ ಆರು ಚೀಲ ಅಡಿಕೆ ಅವನ ಅಟ್ಟದಲ್ಲಿದೆ, 'ರಾಶಿ' ಎಂಬ ತರದ್ದು. "ಈ ವಾರ ರಾಶಿ ಹೇಗಿದೆ ಅಂತ ಕೇಳು."

ತಮ್ಮ ಬೆರಳಾಡಿಸಿ, ಪರದೆ ನೋಡಿ ಓದಿದ: "ಈ ವಾರ ಧನಲಾಭದ ಸೂಚನೆಯಿದೆ. ಆತುರದ ನಿರ್ಧಾರ ಬೇಡ. ಶನಿವಾರ ಹನುಮಂತನ ದರ್ಶನ ಮಾಡಿ."

ಭಾವ ತಲೆದೂಗಿದ. "ನೋಡಿದೆಯಾ? ದಲಾಲರೂ ಇಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ."

ಚೀಲಗಳು ಇನ್ನೂ ಅಟ್ಟದಲ್ಲಿವೆ. ಶನಿವಾರ ಭಾವ ದೇವಸ್ಥಾನಕ್ಕೆ ಹೋಗಿ ಬಂದ.