ಪಲ್ಸಾರ್‌ನಿಂದ ನಕ್ಷತ್ರಗಳ ನಡುವಿನ ಕಾಂತಕ್ಷೇತ್ರ ಅಳೆಯೋದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ಮಲ್ಲೇಶ್ವರದಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡ್ತೀನಿ. ನಿನ್ನೆ ದಿಕ್ಸೂಚಿ ಇಟ್ಟುಕೊಂಡು ಪಾಠ ಮಾಡ್ತಿದ್ದಾಗ ಹುಡುಗಿಯೊಬ್ಬಳು, "ನಕ್ಷತ್ರಗಳ ನಡುವೆಯೂ ಕಾಂತಕ್ಷೇತ್ರ ಇದೆ ಅಂತೀರಲ್ಲ ಸರ್, ಅಲ್ಲಿಗೆ ಮುಳ್ಳು ತಗೊಂಡು ಹೋದೋರು ಯಾರು?" ಅಂದಳು. ಪಲ್ಸಾರ್‌ಗಳಿಂದ, ಅಂದ್ರೆ ಗಡಿಯಾರದ ಹಾಗೆ ರೇಡಿಯೋ ಮಿಡಿತ ಕಳಿಸೋ ನಕ್ಷತ್ರಗಳಿಂದ, ಅಳೀತಾರೆ ಅಂದೆ. ಹೇಗೆ ಅಂತ ಬಿಡಿಸಿ ಹೇಳೋಕಾಗಲಿಲ್ಲ.

ಉತ್ತರ (ರೇಡಿಯೋ ಖಗೋಳ ವಿಜ್ಞಾನಿ): ಎಷ್ಟು ಚೆನ್ನಾಗಿ ಕೇಳಿದ್ದಾಳೆ ಮೇಷ್ಟ್ರೇ! ಮುಳ್ಳಿನ ಕೆಲಸವನ್ನ ಪಲ್ಸಾರ್‌ನ ರೇಡಿಯೋ ಅಲೆಯೇ ಮಾಡುತ್ತೆ. ಅದು ಬಹುಪಾಲು ಒಂದೇ ಸಮತಲದಲ್ಲಿ ಕಂಪಿಸುತ್ತಾ ಹೊರಡುತ್ತೆ. ದಾರಿಯಲ್ಲಿ ಬಿಡಿ ಎಲೆಕ್ಟ್ರಾನ್‌ಗಳೂ ಕಾಂತಕ್ಷೇತ್ರವೂ ಒಟ್ಟಿಗೆ ಇದ್ದರೆ ಆ ಸಮತಲ ತಿರುಗುತ್ತಾ ಬರುತ್ತೆ. 1845ರಲ್ಲಿ ಫ್ಯಾರಡೆ ಗಾಜಿನ ತುಂಡಿನಲ್ಲಿ ಕಂಡದ್ದೂ ಇಂಥದೇ ತಿರುವು. ತಿರುಗುವ ಕೋನ ತರಂಗದೂರದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತೆ.

ವೇಲಾ ಅನ್ನೋ ಪಲ್ಸಾರನ್ನೇ ತಗೊಳ್ಳಿ. 20 ಸೆಂಟಿಮೀಟರ್ ತರಂಗದೂರದ ಅಲೆ ನಮ್ಮನ್ನು ಮುಟ್ಟೋ ಹೊತ್ತಿಗೆ ಸುಮಾರು 70 ಡಿಗ್ರಿ ತಿರುಗಿರುತ್ತೆ. ಅದೇ 1 ಮೀಟರ್ ಅಲೆ ಹೆಚ್ಚುಕಡಿಮೆ ಐದು ಪೂರ್ತಿ ಸುತ್ತು ಹಾಕಿರುತ್ತೆ.

ಆದರೆ ಈ ತಿರುವಿನಲ್ಲಿ ಎಲೆಕ್ಟ್ರಾನ್‌ಗಳ ಪಾಲೆಷ್ಟು, ಕಾಂತಕ್ಷೇತ್ರದ ಪಾಲೆಷ್ಟು? ನನಗೆ ಪಲ್ಸಾರ್ ಅಂದ್ರೆ ಇಷ್ಟೊಂದು ಅಕ್ಕರೆ ಇರೋದು ಇಲ್ಲೇ. ಅದು ಮಿಡಿಯುತ್ತೆ. ಎಲೆಕ್ಟ್ರಾನ್‌ಗಳು ಉದ್ದ ಅಲೆಯನ್ನ ಹೆಚ್ಚು ತಡ ಮಾಡೋದರಿಂದ, ವೇಲಾದಿಂದ ಒಟ್ಟಿಗೇ ಹೊರಟ ಮಿಡಿತದಲ್ಲಿ 1 ಮೀಟರ್ ಅಲೆ 20 ಸೆಂಟಿಮೀಟರ್ ಅಲೆಗಿಂತ ಸುಮಾರು 3 ಸೆಕೆಂಡ್ ತಡವಾಗಿ ತಲುಪುತ್ತೆ. ಆ ತಡದಿಂದ ಎಲೆಕ್ಟ್ರಾನ್ ಲೆಕ್ಕ ಸಿಕ್ಕಿಬಿಡುತ್ತೆ. ತಿರುವನ್ನ ಅದರಿಂದ ಭಾಗಿಸಿದರೆ ನಮ್ಮ ದೃಷ್ಟಿರೇಖೆಯ ಉದ್ದಕ್ಕಿರುವ ಕಾಂತಕ್ಷೇತ್ರದ ಸರಾಸರಿ. ವೇಲಾದ ಕಡೆಗೆ ಅದು ಅರ್ಧ ಮೈಕ್ರೋಗಾಸ್‌ಗಿಂತ ತುಸು ಜಾಸ್ತಿ (ಗಾಸ್ ಅಂದ್ರೆ ಕಾಂತಕ್ಷೇತ್ರದ ಅಳತೆ, ಮೈಕ್ರೋಗಾಸ್ ಅದರ ಹತ್ತು ಲಕ್ಷದಲ್ಲೊಂದು ಪಾಲು). ನಿಮ್ಮ ತರಗತಿಯ ಮುಳ್ಳನ್ನ ತಿರುಗಿಸಿದ ಭೂಮಿಯ ಕ್ಷೇತ್ರ ಸುಮಾರು 0.4 ಗಾಸ್, ಅಂದ್ರೆ ಲಕ್ಷಗಟ್ಟಲೆ ಪಟ್ಟು ಹೆಚ್ಚು!

ಪ್ರಶ್ನೆ: ದಾರಿಯಲ್ಲಿ ಕ್ಷೇತ್ರ ಒಂದು ಕಡೆ ನಮ್ಮತ್ತ, ಇನ್ನೊಂದು ಕಡೆ ಆಚೆಗೆ ಇದ್ದರೆ ಒಂದನ್ನೊಂದು ಹೊಡೆದುಹಾಕಲ್ವಾ ಮೇಡಂ?

ಉತ್ತರ: ಹೊಡೆದುಹಾಕುತ್ತೆ, ಹಾಗಾಗಿ ಒಂದೇ ಪಲ್ಸಾರ್ ನಂಬಿ ಕೂರೋ ಹಾಗಿಲ್ಲ. ಮೆಜೆಸ್ಟಿಕ್‌ನಿಂದ ಹೆಬ್ಬಾಳದವರೆಗಿನ ಲೆಕ್ಕದಲ್ಲಿ ಮೇಖ್ರಿ ಸರ್ಕಲ್‌ವರೆಗಿನದನ್ನ ಕಳೆದರೆ ಉಳಿಯೋದು ಮೇಖ್ರಿ–ಹೆಬ್ಬಾಳದ ನಡುವಿನದು ತಾನೇ? ಹಾಗೇ ಒಂದೇ ದಿಕ್ಕಿನಲ್ಲಿ ಹತ್ತಿರದ್ದೊಂದು, ದೂರದ್ದೊಂದು ಪಲ್ಸಾರ್ ಹಿಡಿದು ಕಳೀತೀವಿ. ಸೂರ್ಯನಿಂದ ಗ್ಯಾಲಕ್ಸಿಯ ಕೇಂದ್ರದ ಕಡೆ ಹೋಗ್ತಾ, ಧನು ತೋಳು ಅನ್ನೋ ಗ್ಯಾಲಕ್ಸಿಯ ಸುರುಳಿ ತೋಳಿನ ಹತ್ತಿರ, ಕ್ಷೇತ್ರದ ದಿಕ್ಕು ತಿರುಗುಮುರುಗಾಗುತ್ತೆ ಅಂತ ತಿಳಿದದ್ದು ಹೀಗೆ ಅಳೆದೇ. ಈಗ ಗೊತ್ತಿರೋ ಪಲ್ಸಾರ್‌ಗಳು 3000ಕ್ಕೂ ಹೆಚ್ಚು. ಒಂದೊಂದು ಹೊಸದು ಸಿಕ್ಕಾಗಲೂ ನಮ್ಮ ನಕ್ಷೆಗೆ ಇನ್ನೊಂದು ಗೆರೆ.

ಪ್ರಶ್ನೆ: ನಮ್ಮ ತಲೆ ಮೇಲಿನ ಅಯಾನುಗೋಳ, ಅಂದ್ರೆ ವಾತಾವರಣದ ಮೇಲ್ಭಾಗದ ಬಿಡಿ ಎಲೆಕ್ಟ್ರಾನ್‌ಗಳಿರೋ ಪದರ, ಅದೂ ಅಲೆಯ ಸಮತಲವನ್ನ ತಿರುಗಿಸುತ್ತೆ ಅಲ್ವಾ?

ಉತ್ತರ: ಹೌದು, ಹಗಲಲ್ಲಿ ಜಾಸ್ತಿ. ಬಿಸಿಲಿಗೆ ಅಲ್ಲಿ ಎಲೆಕ್ಟ್ರಾನ್‌ಗಳು ಹೆಚ್ಚುತ್ತವೆ. ಜಿಪಿಎಸ್ ಸಂಕೇತಗಳಿಂದ ಅವನ್ನ ಅಂದಾಜು ಮಾಡಿ ಕಳೀತೀವಿ. ಆ ಹುಡುಗಿಗೆ ಇದನ್ನೂ ಹೇಳಿ ಮೇಷ್ಟ್ರೇ, ಅವಳು ಮುಂದೆ ಕೇಳೋದು ಇದನ್ನೇ.