ಫ್ರೀ ಸ್ಪೀಚ್ ಲೇಖನ ಓದಿದ್ರೆ ಎಲ್ಲಾ ಸರಿ ಅನ್ಸತ್ತೆ, ವಿಮರ್ಶೆ ಹೆಂಗೆ ಬರೆಯೋದು?

ಓದುಗೂಬೆ:
ವಾರಕ್ಕೊಂದು ಲಾ ರಿವ್ಯೂ (ಕಾನೂನು ಪತ್ರಿಕೆ) ಲೇಖನ ಓದಿ ಅದನ್ನ ಬಗೆದು ಬರೀಬೇಕು, ನಾನು ಬರೆದಿದ್ದೆಲ್ಲಾ ಬರೀ ಸಾರಾಂಶ ಅಂತ ವಾಪಸ್ ಬರ್ತಿದೆ. ಈ ವಾರದ ಲೇಖಕರ ವಾದ ಏನಂದ್ರೆ ತತ್ವಜ್ಞಾನಿ ಮಿಲ್, ಅಮೆರಿಕದ ಸುಪ್ರೀಂ ಕೋರ್ಟ್ ಜಡ್ಜ್ ಹೋಮ್ಸ್ ಇಬ್ರೂ 'ವಿಚಾರಗಳ ಮಾರುಕಟ್ಟೆ'ಯವ್ರು (ವಿಚಾರಗಳು ಪೈಪೋಟಿ ಮಾಡ್ಲಿ, ಸತ್ಯ ಗೆಲ್ಲತ್ತೆ ಅನ್ನೋರು), ಆ ಮಾರುಕಟ್ಟೇಲಿ ಸುಳ್ಳೇ ಜಾಸ್ತಿ ಓಡತ್ತೆ, ಹಾಗಾಗಿ ಆ ಥಿಯರಿ ಬಿಟ್ಟು ಫ್ರೀ ಸ್ಪೀಚನ್ನ ಸ್ವಾಯತ್ತತೆ (ನಮ್ಮ ವಿಚಾರ ನಾವೇ ನಿರ್ಧರಿಸೋದು) ಮೇಲೆ ಕಟ್ಟೋಣ ಅಂತ. ಓದ್ತಾ ಓದ್ತಾ ತಲೆ ಆಡ್ಸೋದೇ ಆಗೋಯ್ತು. ಎಲ್ಲಿ ಹಿಡೀಲಿ?

ಅಡಿಟಿಪ್ಪಣಿ:
ಆ 'ಇಬ್ರೂ' ಅನ್ನೋದನ್ನೇ ಹಿಡೀರಿ. 1919ರ ಅಬ್ರಾಮ್ಸ್ ಕೇಸಲ್ಲಿ ಬಹುಮತ ಒಪ್ಪದೇ ಹೋಮ್ಸ್ ಬರೆದ ಭಿನ್ನ ತೀರ್ಪು ತೆಗೆದು ನೋಡಿ, ಅವನು 'ವಿಚಾರಗಳ ಮಾರುಕಟ್ಟೆ' ಅಂತ ಬರೆದೇ ಇಲ್ಲ, ಮಾರುಕಟ್ಟೆಯ ಪೈಪೋಟೀಲಿ ಒಪ್ಪಿಗೆ ಗಿಟ್ಟಿಸ್ಕೊಳ್ಳೋ ಶಕ್ತಿನೇ ಸತ್ಯಕ್ಕೆ ಒಳ್ಳೇ ಪರೀಕ್ಷೆ ಅಂದಿರೋದು. ಅದರ ಹಿಂದಿರೋದು ಸತ್ಯ ಗೆಲ್ಲತ್ತೆ ಅನ್ನೋ ಭರವಸೆಗಿಂತ ನಾವು ನಂಬಿದ್ದೇ ತಪ್ಪಿರಬಹುದು ಅನ್ನೋ ಅನುಮಾನ. ಮಿಲ್ ಅಂತೂ 1859ರಲ್ಲೇ ಸತ್ಯ ಯಾವಾಗ್ಲೂ ದಬ್ಬಾಳಿಕೆನ ಗೆಲ್ಲತ್ತೆ ಅನ್ನೋದು ಕೇಳೋಕಷ್ಟೇ ಚೆಂದದ ಸುಳ್ಳು ಅಂದಿದಾನೆ! ಅವನ ಇನ್ನೊಂದು ಚಿಂತೆ, ಯಾರೂ ಎದುರಾಡದೇ ಇದ್ರೆ ನಿಜವಾದ ನಂಬಿಕೆನೂ ಗಿಳಿಪಾಠ ಆಗತ್ತೆ ಅಂತ. ಹಂಗಾದ್ರೆ 'ಸುಳ್ಳು ಜಾಸ್ತಿ ಓಡತ್ತೆ' ಅನ್ನೋ ಏಟು ಇಬ್ರಿಗೂ ಒಂದೇ ಥರ ತಾಗತ್ತಾ?

ಒರೆಗಲ್ಲು:
ಒಪ್ತೀನಿ, ಆದ್ರೆ ಬರೀ ಉಲ್ಲೇಖದ ತಪ್ಪು ಹಿಡಿಯೋದು ಸಿಪ್ಪೆ ಸುಲಿದಂಗೆ. ಹೋಮ್ಸ್ ಹೆಸರೇ ತೆಗೆದುಹಾಕಿದ್ರೂ ವಾದ ನಿಲ್ಲತ್ತೆ ಅಂದ್ರೆ ನೀವು ತಿರುಳು ಮುಟ್ಟೇ ಇಲ್ಲ. ನನಗೆ ಇಷ್ಟದ ಉದಾಹರಣೆ ಅಮೆರಿಕದ ತತ್ವಜ್ಞಾನಿ ಮೈಕಲ್‌ಜಾನ್‌ದು. 1948ರಲ್ಲಿ ಆತ ಸ್ವಯಂ ಆಡಳಿತಕ್ಕೆ (ಜನ ತಮ್ಮನ್ನ ತಾವೇ ಆಳೋದಕ್ಕೆ) ಬೇಕಾದ ಮಾತಿಗೆ ಪೂರ್ತಿ ರಕ್ಷಣೆ, ಖಾಸಗಿ ಮಾತಿಗೆ ಕಮ್ಮಿ ಅಂದ. ಮರುವರ್ಷ ಕಾನೂನು ಪ್ರಾಧ್ಯಾಪಕ ಚೇಫಿ ಅದರ ವಿಮರ್ಶೆ ಬರೆದು ಆ ಗೆರೆಗೇ ಕೈ ಹಾಕಿದ, ಸಾರ್ವಜನಿಕ ಯಾವ್ದು ಖಾಸಗಿ ಯಾವ್ದು ಅಂತ. 1961ರಲ್ಲಿ ಮೈಕಲ್‌ಜಾನ್ ಸಾಹಿತ್ಯ, ಕಲೆ, ವಿಜ್ಞಾನ ಎಲ್ಲಾ ಮತದಾರನಿಗೆ ಬೇಕು ಅಂತ ಒಳಗೆ ಸೇರಿಸ್ಕೊಂಡ, ಗೆರೆ ಹತ್ತತ್ರ ಅಳಿಸೇ ಹೋಯ್ತು. 1971ರಲ್ಲಿ ಇನ್ನೊಬ್ಬ ಕಾನೂನು ಪ್ರಾಧ್ಯಾಪಕ ಬೋರ್ಕ್ ಉಲ್ಟಾ ಹೋಗಿ ನೇರ ರಾಜಕೀಯ ಮಾತಿಗೆ ಮಾತ್ರ ರಕ್ಷಣೆ ಅಂದ. ಒಂದೇ ಬುಡ, ಎರಡು ದಿಕ್ಕು. ನಿಮ್ಮ ಲೇಖಕರ ಗೆರೆ ಎಲ್ಲಿದೆ ಹುಡುಕಿ.

ಓದುಗೂಬೆ:
ಮತ್ತೆ ಓದ್ದೆ, ಸಿಕ್ತು ಅನ್ಸತ್ತೆ! ಎರಡನೇ ಭಾಗದಲ್ಲಿ ಸ್ವಾಯತ್ತತೆ ಅಂದ್ರೆ ಮಾತಾಡೋನದ್ದು, ಕೊನೆಗೆ ಸುಳ್ಳು ಸುದ್ದಿ ತಡೀಬೇಕು ಅನ್ನೋವಾಗ ಅದೇ ಪದ ಕೇಳೋನ ಕಡೆ ಹೋಗಿದೆ. ಮಧ್ಯ ಎಲ್ಲಿ ಕೈ ಬದಲಾಯ್ತು ಅಂತ ನೋಡಿದ್ರೆ ಒಂದೇ ಒಂದು 'ಹಾಗಾಗಿ'ಯಲ್ಲಿ, ಅದಕ್ಕೆ ಅಡಿಟಿಪ್ಪಣಿನೂ ಇಲ್ಲ (ನಿಮಗೆ ಹೇಳಿದ್ದಲ್ಲ ಸಾರ್).

ಅಡಿಟಿಪ್ಪಣಿ:
😄 ಅದೇ ಬರೀರಿ. ತತ್ವಜ್ಞಾನಿ ಸ್ಕ್ಯಾನ್ಲನ್‌ನ ಓದ್ಕೊಳ್ಳಿ ಜೊತೆಗೆ, 1972ರಲ್ಲಿ ಕೇಳೋನ ಸ್ವಾಯತ್ತತೆ ಮೇಲೆ ವಾದ ಕಟ್ಟಿ 1979ರಲ್ಲಿ ತಾನೇ ಅದನ್ನ ಸಡಿಲ ಮಾಡ್ಕೊಂಡ. ಅವನ ಮೊದಲ ವಾದದ ಪ್ರಕಾರ, ಕೇಳೋನು ಸುಳ್ಳು ನಂಬ್ತಾನೆ ಅನ್ನೋದೊಂದೇ ಮಾತು ತಡೆಯೋಕೆ ಕಾರಣ ಆಗಲ್ಲ, ನಿಮ್ಮ ಲೇಖಕರಿಗೆ ಬೇಕಾಗಿರೋದು ಸರಿಯಾಗಿ ಅದರ ಉಲ್ಟಾ.